ಒಂದು ಡ್ರಾಪ್ ಕೊಡ್ತೀರಾ?

ಮನೆ ಮುಂದೆ ಒಂದು ಗಾಡಿ, ಗಾಡಿಯಲ್ಲಿ ಖಾಲಿ ಸೀಟು, ಬಾಯಲ್ಲಿ ‘ಆಗಲ್ಲ’ ಅನ್ನುವ ಮಾತಿಲ್ಲ. ಈ ಮೂರೂ ಒಬ್ಬನಿಗೇ ಒದಗಿಬಂದರೆ ಇಂಥವು ನಡೆಯುತ್ತಲೇ ಇರುತ್ತವೆ. ನನಗಂತೂ ನಡೆಯದ ವಾರವೇ ಇಲ್ಲ.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ದಿನಾ ಹೋಗಿಬರುವುದಕ್ಕೆ ಒಂದು ಹಳೇ ಬಿಳಿ ವ್ಯಾನು ಇಟ್ಟುಕೊಂಡಿದ್ದೇನೆ. ನಿಘಂಟು ತೆಗೆದರೆ ‘ಡ್ರಾಪ್’ ಅನ್ನುವ ಒಂದು ಕ್ರಿಯಾಪದಕ್ಕೆ ಅರ್ಥಗಳ ಮೆರವಣಿಗೆಯೇ ಇದೆ. ಬೀಳಿಸು, ತೊಟ್ಟಿಕ್ಕು, ಕೈಬಿಡು, ದನಿ ತಗ್ಗಿಸು, ಬೆಲೆ ಇಳಿ, ತಂಡದಿಂದ ತೆಗೆದುಹಾಕು, ಹೀಗೆ. ಇದನ್ನೆಲ್ಲ ಮಕ್ಕಳಿಗೆ ನಾಟುವ ಹಾಗೆ ಹೇಳಿಕೊಡಬೇಕೆಂಬ ಉತ್ಸಾಹದಲ್ಲಿ ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಬೇಕಂತಲೇ ನೆಲಕ್ಕೆ ಬೀಳಿಸಿದೆ.

“ನಾನೀಗ ಏನು ಮಾಡಿದೆ?”

“ಚಾಕ್‌ಪೀಸ್ ಹಾಳು ಮಾಡಿದ್ರಿ ಸಾರ್,” ಎಂದಳು ಮುಂದಿನ ಬೆಂಚಿನ ಹುಡುಗಿ.

“ಅದಲ್ಲಮ್ಮ. ಡ್ರಾಪ್! ಡ್ರಾಪ್ ಅಂದರೆ ಏನು? ಯಾರಾದರೂ ಹೇಳಿ ನೋಡೋಣ.”

ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು: “ನಿಮ್ಮ ವ್ಯಾನು ಸಾರ್!”

ಈ ಪ್ರಸಂಗ ಕೇಳಿ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಕ್ಕರು. ಮನೆಯಲ್ಲಿ ಹೇಳಿದಾಗ ನಗದವಳು ಒಬ್ಬಳೇ, ನನ್ನ ಹೆಂಡತಿ. ಅದಕ್ಕೆ ಕಾರಣವಿದೆ. ಅವಳಿಗೆ ಒಳ್ಳೆಯ ಕಂಠ. ಮದುವೆಯಲ್ಲಿ ಹುಡುಗ ಹುಡುಗಿಯನ್ನು ಹಸೆಮಣೆಗೆ ಕರೆಯುವಾಗ ಹೇಳುವ ಹಸೆಹಾಡುಗಳನ್ನು ತಾಯಿಯಿಂದ ಕಲಿತಿದ್ದಾಳೆ. ಅತ್ತೆ ಈಗಿಲ್ಲ. ಆ ಹಾಡುಗಳಲ್ಲಿ ಕೆಲವು ಈಗ ಇವಳೊಬ್ಬಳ ಬಾಯಲ್ಲೇ ಉಳಿದಿವೆ. ಅವಳ ಆಸೆ ಬಹಳ ಸಣ್ಣದು. ಹಾಡುವುದಕ್ಕೆ ಕರೆದ ಕಡೆ ಒಂದು ಸಲವಾದರೂ ಹೊತ್ತಿಗೆ ಸರಿಯಾಗಿ ತಲುಪಬೇಕು, ಒಂದು ಹಾಡನ್ನಾದರೂ ಪೂರ್ತಿ ಹಾಡಬೇಕು. ಮದುವೆಯಾದಾಗಿನಿಂದ ಅದು ಕೈಗೂಡಿರಲಿಲ್ಲ. “ನನಗೂ ಮೈಕಿಗೂ ಮಧ್ಯ ನಿಮ್ಮ ಗಾಡಿ ಅಡ್ಡ ನಿಂತಿದೆ” ಅನ್ನುವುದು ಅವಳ ದೂರು.

ಗಾಜನೂರಿನ ಏರು

ದೂರು ಶುರುವಾದದ್ದು ವ್ಯಾನು ಬರುವುದಕ್ಕೂ ಮೊದಲೇ. ಆಗ ನನ್ನ ಹತ್ತಿರ ಒಂದು ಮುದಿ ಸ್ಕೂಟರಿತ್ತು. ಹೊಸದಾಗಿ ಮದುವೆ. ಸಕ್ರೆಬೈಲಿನಲ್ಲಿ ಆನೆಗಳು ಹೊಳೆಯಲ್ಲಿ ಸ್ನಾನ ಮಾಡುವುದನ್ನು ನೋಡಬೇಕು ಅಂತ ಅವಳಿಗೆ ಆಸೆ. ಸ್ನಾನ ಬೆಳಗ್ಗೆ ಮಾತ್ರ. ಹೊತ್ತು ಮೀರಿದರೆ ಆನೆಗಳು ಯಾರಿಗೂ ಕಾಯುವುದಿಲ್ಲ, ಕಾಡಿಗೆ ಹೊರಟುಬಿಡುತ್ತವೆ. ಬೆಳಗ್ಗೆಯೇ ಎದ್ದು, ತಲೆಗೆ ಹೂ ಮುಡಿದು, ಹಿಂದಿನ ಸೀಟಿನಲ್ಲಿ ಕೂತಳು.

ಗಾಜನೂರು ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಏರು. ಅರ್ಧ ಏರಿನಲ್ಲಿ ಸ್ಕೂಟರು ಕೆಮ್ಮಿ ನಿಂತಿತು. ಅವಳು ಪಾಪ, ಭಾರ ಕಮ್ಮಿಯಾಗಲಿ ಅಂತ ತಾನಾಗಿಯೇ ಇಳಿದಳು. ಕಿಕ್ಕರ್ ಒದ್ದೆ, ಒದ್ದೆ, ಇನ್ನೊಂದು ಸಲ ಒದ್ದೆ. ಎಂಜಿನ್ನು ಹತ್ತಿಕೊಂಡಿತು. ಆ ಸ್ಕೂಟರಿನ ಬುದ್ಧಿ ನನಗೆ ಗೊತ್ತು, ಹತ್ತಿಕೊಂಡಾಗ ಹೊರಟುಬಿಡಬೇಕು. ಹೊರಟುಬಿಟ್ಟೆ.

ದಾರಿಯುದ್ದಕ್ಕೂ ಅವಳಿಗೆ ಹೇಳುತ್ತ ಹೋದೆ. ಅಣೆಕಟ್ಟು ತೋರಿಸಿದೆ. ಆನೆ ಎಷ್ಟು ತಿನ್ನುತ್ತದೆ, ಎಷ್ಟು ನಿದ್ದೆ ಮಾಡುತ್ತದೆ ಎಲ್ಲ ವಿವರಿಸಿದೆ. ಅವಳು ಒಂದು ಮಾತಿಗೂ ಎದುರಾಡಲಿಲ್ಲ. ಎಂಥ ತಾಳ್ಮೆಯ ಹೆಂಡತಿ ಸಿಕ್ಕಿದಳು ಮಾರಾಯಾ ಅಂತ ನನಗೆ ನಾನೇ ಹೇಳಿಕೊಂಡೆ. ಆನೆ ಬಿಡಾರದ ಗೇಟಿನ ಮುಂದೆ ನಿಲ್ಲಿಸಿ “ಇಳಿ” ಅಂದೆ. ಇಳಿಯುವವರು ಯಾರೂ ಇರಲಿಲ್ಲ.

ಮೊಬೈಲು ತೆಗೆದು ಅವಳಿಗೆ ಫೋನ್ ಮಾಡಿದೆ. ನಾನು ಕೂತಿದ್ದ ಸೀಟಿನ ಕೆಳಗಿನಿಂದ ರಿಂಗಾಯಿತು. ಪರ್ಸು, ಫೋನು ಎಲ್ಲ ಡಿಕ್ಕಿಯಲ್ಲೇ ಇತ್ತು. ಸ್ಕೂಟರು ತಿರುಗಿಸಿ ಬಂದ ದಾರಿಯಲ್ಲೇ ಓಡಿಸಿದೆ. ಏರಿನಲ್ಲಿ ಅವಳಿರಲಿಲ್ಲ. ರಸ್ತೆ ಪಕ್ಕ ಟೀ ಮಾರುವವನು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, “ನಿಮ್ಮ ಮನೆಯೋರಾ? ಆನೆಗೆ ಸೊಪ್ಪು ಒಯ್ಯೋ ಟ್ರ್ಯಾಕ್ಟರಲ್ಲಿ ಡ್ರಾಪ್ ತಗೊಂಡು ಆಗ್ಲೇ ಹೋದ್ರಲ್ಲ. ನಿಮ್ಮೆದುರಿಗೇ ಪಾಸಾಗಿರ್ಬೇಕು ನೋಡಿ,” ಎಂದ.

ಮತ್ತೆ ತಿರುಗಿಸಿದೆ. ಅದೇ ಏರು, ಅದೇ ಕೆಮ್ಮು. ನಾನು ತಳ್ಳಿಕೊಂಡು, ಒದ್ದುಕೊಂಡು ಬಿಡಾರ ಮುಟ್ಟುವಷ್ಟರಲ್ಲಿ ಆನೆಗಳ ಬೆನ್ನು ಮಾತ್ರ ಕಾಡಿನ ಕಡೆ ಕಾಣುತ್ತಿತ್ತು. ನನ್ನ ಹೆಂಡತಿ ಸೀರೆಯ ಸೆರಗು ಹಿಂಡಿಕೊಳ್ಳುತ್ತ, ಮುಖವೆಲ್ಲ ಬೆಳಕಾಗಿ ನಿಂತಿದ್ದಳು. ಮರಿಯಾನೆಯ ಮೈಮೇಲೆ ಇವಳ ಕೈಯಲ್ಲೇ ನೀರು ಹಾಕಿಸಿದ್ದರಂತೆ.

ನಮ್ಮ ಸಂಸಾರದಲ್ಲಿ ಅವಳು ಹೊತ್ತಿಗೆ ಸರಿಯಾಗಿ ತಲುಪಿದ್ದು ಈಚಿನ ತನಕ ಅದೊಂದೇ ಸಲ. ಅದೂ ನಾನು ಜೊತೆಯಲ್ಲಿಲ್ಲದ್ದರಿಂದ.

ಇಲ್ಲೇ, ಸರ್ಕಲ್ ತನಕ

ಡ್ರಾಪ್ ಕೇಳುವವರು ಯಾರೂ ದೂರ ಹೋಗುವವರಲ್ಲ. ಎಲ್ಲರೂ ‘ಇಲ್ಲೇ’ ಹೋಗುವವರು. ಈ ‘ಇಲ್ಲೇ’ ಅನ್ನುವುದು ಎಲ್ಲಿ ಮುಗಿಯುತ್ತದೆ ಅಂತ ಹತ್ತಿಸಿಕೊಂಡ ಮೇಲೆಯೇ ತಿಳಿಯಬೇಕು.

ಒಂದು ಮಹಿಳಾ ಸಮಾಜದ ವಾರ್ಷಿಕೋತ್ಸವ. ನನ್ನ ಹೆಂಡತಿಗೆ ಪ್ರಾರ್ಥನೆ ಹಾಡುವ ಅವಕಾಶ. ಪ್ರಾರ್ಥನೆ ಅಂದಮೇಲೆ ಮೊಟ್ಟಮೊದಲು. ಆದ್ದರಿಂದ ಬೇಗನೇ ಹೊರಟೆವು. ನಮ್ಮ ಬೀದಿಯ ತಿರುವಿನಲ್ಲೇ ಪಕ್ಕದ ಮನೆಯ ಅಜ್ಜಿ ಕೈಚೀಲ ಹಿಡಿದು ನಿಂತಿದ್ದರು.

“ಮೇಷ್ಟ್ರೇ, ಇಲ್ಲೇ ಸರ್ಕಲ್ ತನಕ ಬಿಡ್ತೀಯೇನಪ್ಪ?”

ನನ್ನ ಹೆಂಡತಿ ನನ್ನ ಮೊಣಕೈ ಚಿವುಟಿದಳು. ಆದರೆ ಅಷ್ಟರಲ್ಲಿ ನನ್ನ ಕಾಲು ಬ್ರೇಕ್ ಒತ್ತಿಯಾಗಿತ್ತು. ಸರ್ಕಲ್ ಬಂತು. ಅಜ್ಜಿ ಇಳಿಯಲಿಲ್ಲ. “ಹೇಗೂ ಆ ಕಡೆಗೇ ತಾನೆ ಹೋಗೋದು, ನನ್ನ ತಂಗಿ ಮನೆ ಹತ್ರ ಬಿಟ್ಬಿಡು,” ಎಂದರು. ತಂಗಿ ಮನೆಯಿದ್ದದ್ದು ನವುಲೆಯಲ್ಲಿ, ನಾವು ಹೋಗಬೇಕಾದ ಕಡೆಗೆ ಪೂರ್ತಿ ವಿರುದ್ಧವಾಗಿ. ಬಿಟ್ಟೆವು. ತಂಗಿ ಬಾಗಿಲಿಗೆ ಬಂದವರು ನನ್ನ ಹೆಂಡತಿಯನ್ನು ನೋಡಿ, “ಅಯ್ಯೋ, ಮುತ್ತೈದೆ ಮನೆ ಬಾಗಿಲ ತನಕ ಬಂದು ಹಂಗೇ ಹೋಗೋದುಂಟಾ? ಕುಂಕುಮ ತಗೊಂಡು ಹೋಗಮ್ಮ,” ಎಂದರು. ಕುಂಕುಮದ ಜೊತೆ ಹೂವು, ಹೂವಿನ ಜೊತೆ ಕಾಫಿ, ಕಾಫಿಯ ಜೊತೆ ಕೋಡುಬಳೆ. ನಾನು ಎರಡು ಕೋಡುಬಳೆ ತಿಂದೆ. ಚೆನ್ನಾಗಿದ್ದವು. ಅವಳು ಗಡಿಯಾರ ನೋಡುತ್ತ ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡಳು.

ಹೊರಟಾಗ ಅಕ್ಕ ತಂಗಿ ಇಬ್ಬರೂ ವ್ಯಾನು ಹತ್ತಿದರು. “ನಿಮ್ಮ ಹಾಡು ಕೇಳೋಕೆ ನಾವೂ ಬರ್ತೀವಿ,” ಎಂದರು. ಮಧ್ಯದಲ್ಲಿ ತಂಗಿಗೆ ಕನ್ನಡಕದ ನೆನಪಾಗಿ ಮತ್ತೆ ಒಂದು ಸಲ ನವುಲೆಗೆ ಹೋಗಿಬಂದೆವು.

ಸಭಾಂಗಣ ಮುಟ್ಟಿದಾಗ ವಂದನಾರ್ಪಣೆ ನಡೆಯುತ್ತಿತ್ತು. ಅಧ್ಯಕ್ಷೆ ಒಳ್ಳೆಯ ಹೆಂಗಸು. ನನ್ನ ಹೆಂಡತಿಯ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು. ಹತ್ತಿರ ಕರೆದು, “ಬೇಜಾರು ಮಾಡ್ಕೋಬೇಡಿ, ರಾಷ್ಟ್ರಗೀತೆ ಇನ್ನೂ ಇದೆ,” ಎಂದರು. ಪ್ರಾರ್ಥನೆಗೆ ಹೋದವಳು ರಾಷ್ಟ್ರಗೀತೆಯ ಗುಂಪಿನಲ್ಲಿ ನಿಂತು ಹಾಡಿ ಕೆಳಗಿಳಿದಳು.

ಮೆಟ್ಟಿಲ ಬಳಿ ಅಜ್ಜಿ ಅವಳ ಗಲ್ಲ ಹಿಡಿದು ಹೇಳಿದರು: “ಇಷ್ಟು ಒಳ್ಳೇ ಕಂಠ ಇಟ್ಕೊಂಡು ಸ್ವಲ್ಪ ಬೇಗ ಹೊರಡಬಾರದೇನಮ್ಮಾ?”

ಒಂದು ವರ್ಷದ ಮೌನ

ನನ್ನ ವ್ಯಾನಿಗೆ ಜೀವ ಕೊಡುವವರು ಭದ್ರಾವತಿಯ ಗ್ಯಾರೇಜಿನ ಭಾಯ್. ಗ್ಯಾರೇಜಿನ ಮೇಲೆಯೇ ಅವರ ಮನೆ. ಅವರ ಮಗಳಿಗೆ ಡಾಕ್ಟರಾಗುವ ಆಸೆ. ಮೊದಲ ಸಲ ಪರೀಕ್ಷೆಯಲ್ಲಿ ಸೀಟು ಕೈತಪ್ಪಿತು. ಹುಡುಗಿ ಗಟ್ಟಿ ಮನಸ್ಸು ಮಾಡಿ ಅಪ್ಪನಿಗೆ, “ಅಬ್ಬಾ, ನಾನು ಒಂದು ವರ್ಷ ಡ್ರಾಪ್ ತಗೊಂಡು ಮತ್ತೆ ಬರೀತೀನಿ,” ಎಂದಳು.

ಭಾಯ್ ಅವತ್ತೇ ಗ್ಯಾರೇಜಿನಲ್ಲಿ ಒಂದು ಕಾನೂನು ಮಾಡಿದರು. ಮಗಳು ಮೇಲೆ ಓದುತ್ತಿದ್ದಾಳೆ, ಆದ್ದರಿಂದ ಕೆಳಗೆ ಹಾರನ್ ಹೊಡೆಯಬಾರದು, ಎಂಜಿನ್ ಚಾಲೂ ಮಾಡಿ ಸದ್ದು ಮಾಡಬಾರದು, ಸುತ್ತಿಗೆಯ ಕೆಲಸ ನಮಾಜಿನ ಹೊತ್ತಿಗೆ ಅವಳು ಪುಸ್ತಕ ಮುಚ್ಚಿದಾಗ ಮಾತ್ರ. ಹಾರನ್ ರಿಪೇರಿ ಆಯಿತೋ ಇಲ್ಲವೋ ನೋಡಬೇಕಾದರೆ ಗಾಡಿಯನ್ನು ಊರಾಚೆಗೆ ತಳ್ಳಿಕೊಂಡು ಹೋಗಬೇಕು. ಎಂಜಿನ್ ಚಾಲೂ ಮಾಡುವ ಹಾಗಿಲ್ಲವಲ್ಲ! ಗಿರಾಕಿಗಳೂ ಒಗ್ಗಿಕೊಂಡರು. ಲಾರಿ ಡ್ರೈವರುಗಳು ಕೂಡ ಆಸ್ಪತ್ರೆಗೆ ಬಂದವರ ಹಾಗೆ ಪಿಸುಮಾತಿನಲ್ಲಿ, “ಭಾಯ್, ಗೇರ್‌ಬಾಕ್ಸು ಸ್ವಲ್ಪ ಕರಕರ ಅಂತಿದೆ,” ಅನ್ನುತ್ತಿದ್ದರು. ಭಾಯ್ ಕೂಡ ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದರು. ಹೊಸಬರು ಅವರನ್ನು ಮೂಗರು ಅಂದುಕೊಂಡದ್ದೂ ಉಂಟು.

ಫಲಿತಾಂಶದ ದಿನ ನಾನೂ ನನ್ನ ಹೆಂಡತಿಯೂ ವ್ಯಾನಿನ ಬ್ರೇಕು ನೋಡಿಸಿಕೊಂಡು ಒಂದು ಸೀಮಂತಕ್ಕೆ ಹೊರಟಿದ್ದೆವು. ಅಲ್ಲೂ ಅವಳದು ಒಂದು ಹಾಡಿತ್ತು. ಇದ್ದಕ್ಕಿದ್ದ ಹಾಗೆ ಮಹಡಿಯ ಮೇಲಿಂದ ಹುಡುಗಿ ಓಡಿಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಾಳೆ.

“ಅಬ್ಬಾ, ಸೀಟು ಸಿಗುತ್ತೆ!”

ಭಾಯ್ ಎದುರಿಗಿದ್ದ ಲಾರಿಯೊಳಗೆ ಕೈಹಾಕಿ ಹಾರನ್ ಒತ್ತಿದರು. ಒತ್ತಿದ ಕೈ ತೆಗೆಯಲೇ ಇಲ್ಲ. ಅವರ ಕೆಲಸದವರು ಆಟೋದ್ದು ಒತ್ತಿದರು, ಟ್ರ್ಯಾಕ್ಟರಿಂದು ಒತ್ತಿದರು. ನಾನು ನನ್ನ ವ್ಯಾನಿಂದು ಒತ್ತಿದೆ. ಒಂದು ವರ್ಷದ ಸದ್ದೆಲ್ಲ ಒಟ್ಟಿಗೆ ಹೊರಬಂತು. ರಸ್ತೆಯಲ್ಲಿ ಜನ ನಿಂತರು, ಗಾಡಿಗಳು ನಿಂತವು, ನಮ್ಮ ವ್ಯಾನು ಅಲ್ಲಾಡದ ಹಾಗೆ ಸಿಕ್ಕಿಕೊಂಡಿತು. ಸೀಮಂತದ ಹಾಡು ಅವತ್ತಿಗೆ ಮುಗಿದ ಕತೆ. ಆದರೆ ಅವತ್ತು ನನ್ನ ಹೆಂಡತಿ ಬೇಜಾರು ಮಾಡಿಕೊಳ್ಳಲಿಲ್ಲ. ಇಳಿದು ಹೋಗಿ ಆ ಹುಡುಗಿಯನ್ನು ತಬ್ಬಿಕೊಂಡಳು.

ಟ್ರಾಫಿಕ್ ಪೊಲೀಸರೊಬ್ಬರು ಬೈಕಿನಲ್ಲಿ ಧಾವಿಸಿ ಬಂದರು. “ಏನ್ರೀ ಇದು ಗಲಾಟೆ? ಯಾರ್ರೀ ಮಾಲೀಕ?”

ಭಾಯ್ ಕೈಮುಗಿದರು. “ತಪ್ಪಾಯ್ತು ಸಾಹೇಬ್ರೇ. ಮಗಳಿಗೆ ಮೆಡಿಕಲ್ ಸೀಟ್ ಆಯ್ತು. ಏಕ್ ಸಾಲ್, ಒಂದು ವರ್ಷ ಆಯ್ತು, ಈ ಗ್ಯಾರೇಜಲ್ಲಿ ಹಾರನ್ನೇ ಹೊಡೆದಿಲ್ಲ.”

ಪೊಲೀಸರು ಹುಡುಗಿಯ ಮುಖ ನೋಡಿದರು, ಭಾಯ್ ಮುಖ ನೋಡಿದರು, ಆಮೇಲೆ ಬೈಕಿನಿಂದ ಇಳಿದರು.

“ಹಂಗಾದ್ರೆ ನನ್ನ ಬೈಕಿಂದೂ ಒಂದ್ಸಲ ಹೊಡೀರಿ. ಮೂರು ದಿನದಿಂದ ಸರಿಯಾಗಿ ಕೇಳಿಸ್ತಾ ಇಲ್ಲ.”

ಕಣ್ಣಿಗೆರಡು ಹನಿ

ನಮ್ಮ ಶಾಲೆಯ ಗಣಿತದ ಮೇಷ್ಟ್ರು ನನ್ನ ವ್ಯಾನಿನ ಕಾಯಂ ಗಿರಾಕಿ. ಅವರಿಗೆ ಕಣ್ಣು ಮಂಜಾಯಿತು. ಶಿವಮೊಗ್ಗದ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಸಂಜೆಯ ತನಕ ಏನೂ ಕಾಣುವುದಿಲ್ಲ, ಜೊತೆಗೆ ಒಬ್ಬರು ಬೇಕು. ನಾನು ಹೋದೆ.

ಅಲ್ಲಿನ ನರ್ಸಮ್ಮ ಅವರ ಕಣ್ಣಿಗೆ ಹನಿ ಹಾಕಿ ನನ್ನ ಕಡೆ ತಿರುಗಿದರು. “ನೀವು ಕಣ್ಣು ತೋರಿಸಿ ಎಷ್ಟು ದಿನ ಆಯ್ತು?”

“ತೋರಿಸೇ ಇಲ್ಲ.”

“ಹೇಗೂ ಬಂದಿದೀರಲ್ಲ, ನಿಮ್ದೂ ನೋಡಿಬಿಡ್ಲಿ ಡಾಕ್ಟ್ರು. ತಲೆ ಹಿಂದಕ್ಕೆ ಮಾಡಿ.”

ಹೇಗೂ ಬಂದಿದ್ದೇನಲ್ಲ, ಅನ್ನುವ ಮಾತಿಗೆ ಎದುರು ಹೇಳುವ ಶಕ್ತಿ ನಮ್ಮ ಕಡೆಯವರಿಗೆ ದೇವರು ಕೊಟ್ಟಿಲ್ಲ. ತಲೆ ಹಿಂದಕ್ಕೆ ಮಾಡಿದೆ. ಅವರು ನನಗೆ ಹಾಕುತ್ತಿರುವಾಗ, ಗಣಿತದ ಮೇಷ್ಟ್ರು ಆ ಮಂಜಿನಲ್ಲೇ ಲೆಕ್ಕ ಹಾಕಿ ಕೇಳಿದರು: “ಅಲ್ಲ ಮಾರಾಯ್ರೆ, ಗಾಡಿ ಯಾರು ಓಡಿಸೋದು?”

ಹನಿ ಅಷ್ಟರಲ್ಲಿ ಬಿದ್ದಾಗಿತ್ತು.

ಇಬ್ಬರೂ ಗೋಡೆ ಸವರಿಕೊಂಡು ಹೊರಗೆ ಬಂದು, ವ್ಯಾನು ಯಾವುದೆಂದು ಮುಟ್ಟಿ ಗುರುತಿಸಿ, ಒಳಗೆ ಕೂತೆವು. ಬಿಸಿಲು ಸೂಜಿಯ ಹಾಗೆ ಚುಚ್ಚುತ್ತಿತ್ತು. ಆಟೋ ಹಿಡಿಯೋಣ ಅಂದರೆ ಆಟೋ ಯಾವುದು, ಮರ ಯಾವುದು ತಿಳಿಯುತ್ತಿರಲಿಲ್ಲ. ಆಗ ಕಿಟಕಿಯ ಬಳಿ ಒಂದು ಆಕಾರ ಬಂದು ನಿಂತಿತು.

“ಸಾರ್, ವಿದ್ಯಾನಗರದ ಕಡೆನಾ? ಒಂದು ಡ್ರಾಪ್ ಕೊಡ್ತೀರಾ?”

“ನಿಮಗೆ ಗಾಡಿ ಓಡಿಸೋಕೆ ಬರುತ್ತಾ?” ಎಂದೆ.

“ಬರುತ್ತೆ ಸಾರ್.”

“ಹಂಗಾದ್ರೆ ಕೊಡ್ತೀನಿ. ಬನ್ನಿ, ಈ ಕಡೆ ಕೂತ್ಕೊಳ್ಳಿ.”

ಆ ಪುಣ್ಯಾತ್ಮ ಗಣಿತದ ಮೇಷ್ಟ್ರನ್ನು ಅವರ ಮನೆಗೆ ಬಿಟ್ಟು, ನನ್ನನ್ನು ನನ್ನ ಮನೆಗೆ ತಂದು, ಕೈಹಿಡಿದು ಇಳಿಸಿದ. ಬಾಗಿಲಲ್ಲಿ ನನ್ನ ಹೆಂಡತಿಯ ಆಕಾರ ಕಾಣಿಸಿತು.

“ಯಾರ್ರೀ ಅವರು, ನಮ್ಮ ವ್ಯಾನು ಓಡಿಸ್ತಿರೋದು?” ಎಂದಳು ಮೆಲ್ಲಗೆ.

“ಗೊತ್ತಿಲ್ಲ ಮಾರಾಯ್ತಿ, ಮುಖ ಕಾಣ್ತಿಲ್ಲ,” ಎಂದೆ. “ಮಸುಕಾಗಿ ನೋಡಿದ್ರೆ ಒಳ್ಳೆಯವರ ಥರ ಕಾಣ್ತಾರೆ.”

ಹಸೆಹಾಡು

ಈಚೆಗೆ ನಡೆದದ್ದು ಇದು. ಭದ್ರಾವತಿಯಲ್ಲಿ ಒಬ್ಬ ಯುವಕ ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಆರ್ಕೆಸ್ಟ್ರಾ, ಜಾಹೀರಾತು ಅಂತ ಹೊಟ್ಟೆಪಾಡು. ಆದರೆ ಮನಸ್ಸು ಹಳೇ ಹಾಡುಗಳ ಮೇಲೆ. ಮರೆತುಹೋಗುತ್ತಿರುವ ಮದುವೆ ಹಾಡುಗಳನ್ನು ರೆಕಾರ್ಡ್ ಮಾಡಿ ಇಡುತ್ತಿದ್ದ. ಯಾರೋ ನನ್ನ ಹೆಂಡತಿಯ ಬಗ್ಗೆ ಹೇಳಿದ್ದಾರೆ. ಫೋನ್ ಮಾಡಿದ. “ಅಮ್ಮಾ, ಶನಿವಾರ ಹನ್ನೊಂದಕ್ಕೆ ಬನ್ನಿ. ಹನ್ನೆರಡಕ್ಕೆ ಒಂದು ಬ್ಯಾಂಡ್‌ಸೆಟ್‌ನವರು ಬರ್ತಾರೆ. ಅವರು ತಮಟೆ ಹೊಡೆಯೋಕೆ ಶುರು ಮಾಡಿದ್ರೆ ಆಮೇಲೆ ನಿಮ್ಮ ಹಾಡು ಕೇಳೋದಿಲ್ಲ. ದಯವಿಟ್ಟು ಲೇಟ್ ಮಾಡ್ಬೇಡಿ.”

ಆ ಶನಿವಾರಕ್ಕೆ ಮುಂಚೆ ಅವಳು ಮನೆಯಲ್ಲಿ ಓಡಾಡುತ್ತ ಸಣ್ಣ ದನಿಯಲ್ಲಿ ಅಮ್ಮನ ಹಾಡನ್ನು ಗುನುಗುತ್ತಲೇ ಇದ್ದಳು. ಶುಕ್ರವಾರ ರಾತ್ರಿ ಊಟ ಬಡಿಸುತ್ತ ಹೇಳಿದಳು: “ನೋಡ್ರೀ, ಈ ಹಾಡು ನನ್ನ ಅಮ್ಮನ ಕಡೆಯಿಂದ ಬಂದಿರೋದು. ನನ್ನ ನಂತರ ಯಾರಿಗೂ ಬರಲ್ಲ. ನಾಳೆ ನೀವು ದಾರೀಲಿ ಯಾರಿಗಾದ್ರೂ ಡ್ರಾಪ್ ಕೊಡೋದಾದ್ರೆ ಈಗಲೇ ಹೇಳಿಬಿಡಿ. ಪ್ರೋಗ್ರಾಮೇ ಡ್ರಾಪ್ ಮಾಡಿ ಮನೇಲಿ ಕೂರ್ತೀನಿ.” ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ನಾಳೆ ದೇವರೇ ಬಂದು ಕೈ ಮಾಡಿದರೂ ನಿಲ್ಲಿಸುವುದಿಲ್ಲ ಅಂತ ಮಾತು ಕೊಟ್ಟೆ.

ಅವತ್ತು ಶಾಲೆಗೆ ರಜೆ. ಬೆಳಗ್ಗೆ ಹೊರಡುವ ಮೊದಲು ಅವಳು ತನ್ನ ಫೋನನ್ನೂ ನನ್ನ ಫೋನನ್ನೂ ಸ್ವಿಚ್ ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡಳು. ಈಗ ಡ್ರಾಪು ಫೋನಿನಲ್ಲೂ ಬರುತ್ತದಲ್ಲ. ಬೀದಿ ತಿರುವಿನಲ್ಲಿ ಅಜ್ಜಿ ನಿಂತಿದ್ದರು. ನಾನು ಕಣ್ಣನ್ನು ರಸ್ತೆಗೆ ನೆಟ್ಟು ಮುಂದೆ ಹೋದೆ. ಕಾಯಂ ಗಿರಾಕಿ ಗಣಿತದ ಮೇಷ್ಟ್ರು ಬಸ್‌ಸ್ಟಾಪಿನಲ್ಲಿ ನಿಂತಿದ್ದವರು, ವ್ಯಾನು ಕಂಡದ್ದೇ ಚೀಲ ಎತ್ತಿಕೊಂಡರು. ಅವರು ಎತ್ತಿಕೊಂಡದ್ದು ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋಯಿತು. ನನ್ನ ಬಲಗಾಲು ತಾನಾಗಿಯೇ ಬ್ರೇಕಿನ ಕಡೆ ಹೋಗುತ್ತಿತ್ತು, ಹಿಡಿದು ಆಕ್ಸಿಲರೇಟರ್ ಮೇಲೆ ಇಟ್ಟೆ.

ಮಾಚೇನಹಳ್ಳಿ ಹತ್ತಿರ ಒಬ್ಬ ಯುವಕ, ಕೆಟ್ಟು ನಿಂತ ಬೈಕಿನ ಪಕ್ಕದಲ್ಲಿ ಎರಡೂ ಕೈ ಎತ್ತಿ ಬೀಸುತ್ತಿದ್ದ. ಬೆನ್ನಿಗೊಂದು ದೊಡ್ಡ ಬ್ಯಾಗು. ಬಿಸಿಲಲ್ಲಿ ಮುಖ ಕೆಂಪಾಗಿತ್ತು.

“ಪಾಪ ಕಣೇ,” ಎಂದೆ.

“ಪಾಪ ಪುಣ್ಯ ಎಲ್ಲಾ ವಾಪಸ್ ಬರೋವಾಗ,” ಎಂದಳು ಅವಳು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇಷ್ಟು ವರ್ಷ ಕಾದ ಗೆಲುವು ಅದು, ಸಂತೋಷ ತಡೆಯಲಾರದೆ, ಆ ಯುವಕನಿಗೆ ಕಿಟಕಿಯಿಂದ ಕೈ ಹೊರಗೆ ಹಾಕಿ ಟಾಟಾ ಮಾಡಿದಳು.

ಸ್ಟುಡಿಯೋ ಮುಟ್ಟಿದಾಗ ಹನ್ನೊಂದಕ್ಕೆ ಇನ್ನೂ ಹೊತ್ತಿತ್ತು. ಅವಳು ವ್ಯಾನಿನಿಂದ ಇಳಿದು, ಆ ಕಟ್ಟಡವನ್ನು ತಾನೇ ಕಟ್ಟಿಸಿದವಳ ಹಾಗೆ ನೋಡಿದಳು. ಬಾಗಿಲಿಗೆ ಬೀಗ. ವಾಚ್‌ಮನ್ ತಮಿಳು ಬೆರೆಸಿದ ಕನ್ನಡದಲ್ಲಿ, “ಬರ್ತಾರು ಸಾರ್, ಕೊಂಚ ಕೂತ್ಕೊಳ್ಳಿ,” ಎಂದ. ಮೆಟ್ಟಿಲ ಮೇಲೆ ಕೂತೆವು. ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. “ಒಂದು ಫೋನಾದ್ರೂ ಮಾಡಬಾರದಾ ಆ ಹುಡುಗ? ಹೊತ್ತಿಗೆ ಬೆಲೆಯೇ ಇಲ್ಲ ಜನಕ್ಕೆ,” ಎಂದು ಗೊಣಗುತ್ತ ಅವಳು ಫೋನ್ ಆನ್ ಮಾಡಿದಳು.

ಆನ್ ಆದದ್ದೇ ಟಿಣ್ ಟಿಣ್ ಎಂದು ಶುರುವಾಯಿತು. ಸ್ಟುಡಿಯೋದವನದೇ ಸಾಲು ಸಾಲು ಮಿಸ್ಡ್ ಕಾಲು. ಕೊನೆಗೊಂದು ಮೆಸೇಜು. ಅವಳು ಓದಿದಳು. ಓದಿ ಫೋನನ್ನು ನನ್ನ ಕೈಗೆ ಕೊಟ್ಟಳು. ‘ಅಮ್ಮಾ, ಬೈಕ್ ಕೆಟ್ಟಿದೆ. ಮಾಚೇನಹಳ್ಳಿ ಹತ್ರ ನಿಂತಿದ್ದೀನಿ. ನೀವು ಶಿವಮೊಗ್ಗದಿಂದ ಬರ್ತಾ ಇದ್ರೆ ಒಂದು ಡ್ರಾಪ್ ಕೊಡ್ತೀರಾ?’

“ಹೋಗಿ ಕರ್ಕೊಂಡು ಬರ್ಲಾ?” ಎಂದೆ.

“ಅದೇ ವ್ಯಾನಲ್ಲಾ?” ಎಂದಳು ಅವಳು. “ನಾನು ಟಾಟಾ ಬೇರೆ ಮಾಡಿದ್ದೀನ್ರೀ!”

ಹೋದರೆ ಗುಟ್ಟು ರಟ್ಟು, ಹೋಗದಿದ್ದರೆ ಹಾಡು ಹೋಯಿತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ನಾವು ಹೀಗೆ ಮುಖ ಮುಖ ನೋಡಿಕೊಳ್ಳುತ್ತಿರುವಾಗಲೇ ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಬಾಳೆಗೊನೆಗಳ ನಡುವಿನಿಂದ ಅದೇ ಯುವಕ, ಅದೇ ಬ್ಯಾಗು ಕೆಳಗಿಳಿದರು. ತಲೆಗೂದಲಲ್ಲಿ ಬಾಳೆ ಎಲೆಯ ಚೂರು.

“ಕ್ಷಮಿಸಿ ಅಮ್ಮಾ, ಕ್ಷಮಿಸಿ ಸಾರ್,” ಎನ್ನುತ್ತ ಓಡೋಡಿ ಬಂದು ಬೀಗ ತೆಗೆದ. “ಎಷ್ಟು ಗಾಡಿಗೆ ಕೈ ಮಾಡಿದೆ ಗೊತ್ತಾ? ಒಂದು ಬಿಳೀ ವ್ಯಾನಂತೂ ಪೂರ್ತಿ ಖಾಲಿ ಇತ್ತು ಸಾರ್. ನಿಲ್ಲಿಸದೆ ಹೋಗ್ಲಿ ಬಿಡಿ, ಒಳಗಿದ್ದ ಅಮ್ಮ ಟಾಟಾ ಮಾಡಿಕೊಂಡು ಹೋದ್ರು! ಎಂಥ ಜನ ಇರ್ತಾರೆ ನೋಡಿ.”

“ಅಯ್ಯೋ, ಹೌದಾ? ಈಗಿನ ಕಾಲವೇ ಹಾಗೆ,” ಎಂದಳು ನನ್ನ ಹೆಂಡತಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲಿನ ಬದಲು ವ್ಯಾನಿನ ಕೀಲಿಕೈ ಮುಟ್ಟಿಕೊಂಡು ಜೇಬಿನ ಆಳಕ್ಕೆ ತಳ್ಳಿದೆ.

“ನೀವು ಹೇಗೆ ಬಂದ್ರಿ ಅಮ್ಮಾ?”

“ಬಸ್ಸಲ್ಲಿ,” ಎಂದಳು. ಅಲ್ಲಿಗೇ ನಿಲ್ಲಿಸಬಾರದೆ? “ಏನು ರಶ್ಶು ಅಂತೀರಾ, ನಿಲ್ಲೋಕೂ ಜಾಗ ಇರ್ಲಿಲ್ಲ. ಇವರಿಗಂತೂ ಒಂದು ಕಾಲಲ್ಲೇ ನಿಂತು ಸಾಕಾಯ್ತು.” ನಾನು ಒಂದು ಕಾಲು ಸ್ವಲ್ಪ ಕುಂಟಿದೆ.

ಹನ್ನೆರಡಕ್ಕೆ ಉಳಿದದ್ದು ಸ್ವಲ್ಪವೇ ಹೊತ್ತು. ಯುವಕ ಅವಳನ್ನು ಗಾಜಿನಾಚೆ ಕೂರಿಸಿ ಮೈಕು ಸರಿಮಾಡಿದ. ಅವಳು ಕಣ್ಣು ಮುಚ್ಚಿ ಶುರು ಮಾಡಿದಳು. ತಾಯಿ ಮಗಳನ್ನು ಹಸೆಗೆ ಕರೆಯುವ ಹಾಡು. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ನಿಂತಿತು, ಆಮೇಲೆ ಹೊಳೆ ಹರಿದ ಹಾಗೆ ಹರಿಯಿತು. ನನಗೆ ಆಗ ಹೊಳೆಯಿತು, ಇವಳ ಹಾಡನ್ನು ಮೊದಲಿನಿಂದ ಕೊನೆಯ ತನಕ ನಾನು ಒಂದು ಸಲವೂ ಕೂತು ಕೇಳಿರಲಿಲ್ಲ. ಯಾವಾಗಲೂ ಯಾರನ್ನೋ ಎಲ್ಲಿಗೋ ಬಿಡುವುದಕ್ಕೆ ಹೋಗಿರುತ್ತಿದ್ದೆ. ಹಾಡು ಮುಗಿದಾಗ ಬಾಗಿಲಲ್ಲಿ ಬಂದು ನಿಂತಿದ್ದ ಬ್ಯಾಂಡ್‌ಸೆಟ್‌ನವರು ತಮಟೆಗಳನ್ನು ಕಂಕುಳಲ್ಲಿ ಅವಚಿಕೊಂಡು, ಸದ್ದಾಗದ ಹಾಗೆ ನಿಂತಿದ್ದರು. ಅವಳು ಹೊರಗೆ ಬಂದು ನನ್ನನ್ನು ನೋಡಿ ನಕ್ಕಳು. ಅಂಥ ನಗುವನ್ನು ಮರಿಯಾನೆಗೆ ನೀರು ಹಾಕಿದ ದಿನವೂ ನಾನು ನೋಡಿರಲಿಲ್ಲ.

ಇನ್ನು ಹೊರಡಬೇಕು. ಯುವಕ ಒಳಗೆ ಕೆಲಸಕ್ಕೆ ಹೋಗುತ್ತಾನೆ, ನಾವು ಮೆಲ್ಲಗೆ ವ್ಯಾನು ತೆಗೆದುಕೊಂಡು ಜಾರುವುದು ಅಂತ ನನ್ನ ಲೆಕ್ಕ. ಆದರೆ ಅವನು ಚಪ್ಪಲಿ ಹಾಕಿಕೊಂಡ.

“ನೀವು ಇರಿ, ಕೆಲಸ ಇದೆಯಲ್ಲ,” ಎಂದೆ.

“ಅದೆಲ್ಲಾದ್ರೂ ಉಂಟಾ ಸಾರ್? ಇಂಥ ಹಾಡು ಹಾಡಿದ್ದಾರೆ ಅಮ್ಮ. ಬಸ್ಸು ಹತ್ತಿಸದೆ ಹೆಂಗೆ ಕಳಿಸೋದು? ನನ್ನ ಹತ್ರ ಗಾಡಿ ಇದ್ದಿದ್ರೆ ಮನೆ ತನಕ ಡ್ರಾಪ್ ಕೊಡ್ತಿದ್ದೆ.”

ಮೂವರೂ ಕೆಳಗಿಳಿದೆವು. ಗೇಟಿನ ಪಕ್ಕ ನಮ್ಮ ವ್ಯಾನು ಬಿಸಿಲಲ್ಲಿ ನಿಂತಿತ್ತು. ಅದರ ಪಕ್ಕದಲ್ಲೇ ನಡೆದು ಹೋಗಬೇಕು. ನನ್ನ ಹೆಂಡತಿ ಅದನ್ನು ಹುಟ್ಟಿದಾರಭ್ಯ ಕಂಡೇ ಇಲ್ಲದವಳ ಹಾಗೆ ಮುಖ ತಿರುಗಿಸಿ ನಡೆದಳು. ಯುವಕ ಗೇಟಿನಲ್ಲಿ ವಾಚ್‌ಮನ್ ಕಿವಿಯಲ್ಲಿ ಏನೋ ಹೇಳಿ, ಬಸ್‌ಸ್ಟಾಪಿನ ತನಕ ಬಂದ. ಬಸ್ಸು ಬಂತು. ನಿಜವಾಗಿಯೂ ಬಂತು, ನಿಜವಾಗಿಯೂ ಹತ್ತಬೇಕಾಯಿತು. ಅವನೇ ಮೊದಲು ಒಳಗೆ ನುಗ್ಗಿ ನಮಗೆ ಸೀಟು ಹಿಡಿದುಕೊಟ್ಟು, “ಇವರನ್ನು ವಿದ್ಯಾನಗರದ ಹತ್ರ ಇಳಿಸಿ,” ಎಂದು ಕಂಡಕ್ಟರಿಗೆ ಹೇಳಿ ಕೆಳಗಿಳಿದ.

ಬಸ್ಸು ಹೊರಡುವಷ್ಟರಲ್ಲಿ ಅವನು ನಮ್ಮ ಕಿಟಕಿಯ ಬಳಿಗೆ ಬಂದ. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ.

“ಅಮ್ಮಾ, ವ್ಯಾನಿನ ಬಗ್ಗೆ ಯೋಚನೆ ಮಾಡ್ಬೇಡಿ,” ಎಂದ. “ವಾಚ್‌ಮನ್‌ಗೆ ಹೇಳಿದ್ದೀನಿ, ನೋಡ್ಕೋತಾನೆ. ನಾಳೆ ನಿಧಾನಕ್ಕೆ ಬಂದು ತಗೊಂಡು ಹೋಗಿ.”